ತಳಕಿಗೆ ಹಿಡಿದ ಸೀಟು

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಎಷ್ಟು ಹೊತ್ತಿನ ದಾರಿ ಎಂದು ದಿನಾ ಓಡಾಡುವವರನ್ನು ಕೇಳಿ ನೋಡಿ. ಮೊದಲು ನಗುತ್ತಾರೆ. ಆಮೇಲೆ, ಯಾವುದರಲ್ಲಿ ಹೋಗ್ತೀರಿ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ದುರ್ಗದ ಕಡೆಯಿಂದ ಬರುವ ಬೆಳಗಿನ ಬಸ್ಸು ಒಂದು ದಿನ ಸ್ಟ್ಯಾಂಡಿನ ಕಸ ಗುಡಿಸುವ ಮುಂಚೆಯೇ ಬಂದು ಹೋಗಿರುತ್ತದೆ. ಇನ್ನೊಂದು ದಿನ ಹೋಟೆಲಿನಲ್ಲಿ ಎರಡನೇ ಸಲದ ಇಡ್ಲಿ ಇಳಿದರೂ ಪತ್ತೆ ಇರುವುದಿಲ್ಲ. ಹೆಂಗಸರಿಗೆ ಟಿಕೇಟು ಇಲ್ಲ ಎಂದಾದ ಮೇಲಂತೂ, ಬಂದರೂ ಬಾಗಿಲಲ್ಲಿ ಕಾಲಿಡಲು ಜಾಗ ಸಿಕ್ಕರೆ ಪುಣ್ಯ. ಕ್ರೂಸರ್ ಗಾಡಿಯಾದರೆ ಜನ ತುಂಬುವ ತನಕ ಅಲ್ಲಾಡುವುದಿಲ್ಲ. ತುಂಬಿತೋ, ಬೆನ್ನಿಗೆ ದೆವ್ವ ಬಿದ್ದವರ ಹಾಗೆ ಓಡುತ್ತದೆ. ಬೈಕು ಗಂಡಸರ ಪಾಲು, ಅದೂ ಗಾಳಿಯ ದಯೆ, ಲಾರಿಗಳ ದಯೆ. ಹೀಗಿರುವಾಗ ಇಷ್ಟು ಹೊತ್ತು ಎಂದು ಯಾವ ಬಾಯಲ್ಲಿ ಹೇಳೋದು?

ಮೆಹಜಬೀನ್ ಈ ದಾರಿಗೆ ಬಿದ್ದು ವರ್ಷಗಳೇ ಆದವು. ಚಳ್ಳಕೆರೆ ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟಿರುವ ಮೆಕ್ಯಾನಿಕ್ ರಫೀಕನ ಹೆಂಡತಿ ಅವಳು. ಮೊಳಕಾಲ್ಮೂರಿನ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ಆ ಶಾಲೆಯ ಬಾಗಿಲಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಒಂದು ಮಿಷನ್ನು ಇದೆ. ಅದಕ್ಕೆ ದುರ್ಗದ ಬಸ್ಸೂ ಗೊತ್ತಿಲ್ಲ, ದಾರಿ ನಡುವೆ ಸಿಗುವ ತಳಕಿನ ನೂಕುನುಗ್ಗಲೂ ಗೊತ್ತಿಲ್ಲ. ಪ್ರಾರ್ಥನೆ ಶುರುವಾದ ಮೇಲೆ ಬೆರಳಿಟ್ಟರೆ ಕೆಂಪು ದೀಪ ಹತ್ತುತ್ತದೆ, ಅಷ್ಟೇ.

ಅದೇ ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುವ ಶಿಲ್ಪಾ ತಳಕಿನಲ್ಲಿ ಬಸ್ಸು ಹತ್ತುತ್ತಾಳೆ. ಅವಳಿಗೆ ಈಗ ಏಳು ತಿಂಗಳು. ಹಿಂದೆ ಎರಡು ಸಲ ನಿಲ್ಲದೆ ಹೋಗಿ, ಮೂರನೆಯದಾಗಿ ನಿಂತ ಬಸಿರು. ಕುಲುಕಾಟ ಕೂಡದು, ನಿಂತುಕೊಂಡು ಹೋಗಕೂಡದು ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ. ರಜೆ ಹಾಕೋಣ, ತಡವಾಗಿ ಹೋಗೋಣ ಎಂದರೆ, ಕೆಂಪು ದೀಪ ಜಾಸ್ತಿಯಾದವರನ್ನು ಬಾಣಂತನದ ಮೇಲೆ ವಾಪಸು ಕರೆಯುವುದಿಲ್ಲ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಸುಳಿದಾಡುತ್ತಿತ್ತು. ಮೆಹಜಬೀನ್‌ಗೆ ಸ್ವಂತ ತಂಗಿ ಇಲ್ಲ. ಅದಕ್ಕೋ ಏನೋ, ಈ ಹುಡುಗಿಯನ್ನು ಕೂರಿಸಿಕೊಂಡೇ ಹೋಗಬೇಕು, ಹೊತ್ತಿಗೆ ಸರಿಯಾಗಿ ಮುಟ್ಟಿಸಬೇಕು ಎಂಬುದನ್ನು ತನ್ನ ಮೇಲೆ ತಾನೇ ಹಾಕಿಕೊಂಡಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಸೀಟು ಹಿಡಿಯುವುದು ನಿಮಗೆ ಗೊತ್ತೇ ಇದೆ. ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಕರ್ಚೀಫೋ ಟವೆಲ್ಲೋ ಎಸೆದರೆ ಆ ಸೀಟು ನಿಮ್ಮದು. ಅದನ್ನು ಎತ್ತಿ ಪಕ್ಕಕ್ಕಿಟ್ಟು ಕೂರುವ ಧೈರ್ಯ ಈ ಸೀಮೆಯಲ್ಲಿ ಯಾರಿಗೂ ಇಲ್ಲ. ಮೆಹಜಬೀನ್ ತನಗೆ ಬ್ಯಾಗು ಹಾಕುತ್ತಿದ್ದಳು, ಶಿಲ್ಪಾಗೆ ಒಂದು ಹಸಿರು ದುಪಟ್ಟಾ. ಯಾರಾದರೂ ಕೇಳಿದರೆ ಆಳು ಬರ್ತಾರೆ ಎಂದರೆ ಆಯಿತು. ಆದರೆ ತಳಕಿನಲ್ಲಿ ಕಾದು ನಿಂತ ಜನ ನುಗ್ಗಿದರೆ, ಆ ಹೊಟ್ಟೆ ಹೊತ್ತುಕೊಂಡು ಶಿಲ್ಪಾ ಬಾಗಿಲಿನಿಂದ ಸೀಟಿನ ತನಕ ಬರುವುದೇ ಒಂದು ಗಂಡಾಂತರ. ಅದಕ್ಕೆ ಇನ್ನೊಂದು ಉಪಾಯ ಇತ್ತು.

ದಿನಾ ಓಡಾಡುವವರದೊಂದು ವಾಟ್ಸಾಪ್ ಗ್ರೂಪು. ಮೊದಮೊದಲು ಅದರಲ್ಲಿ ಬರುತ್ತಿದ್ದುದೆಲ್ಲ ನಿಜ. ಬಸ್ಸು ಚಳ್ಳಕೆರೆ ಬಿಟ್ಟಿತು, ತಳಕು ದಾಟಿತು, ಅದರ ಮುಂದಿನ ಹಾನಗಲ್ಲಿನಲ್ಲಿ ಪಂಕ್ಚರು. ಅದನ್ನು ನೋಡಿಕೊಂಡೇ ಮುಂದಿನ ಊರಿನವರು ಬಸ್ಸಿಗೆ ಕಾಯುವುದೋ ಕ್ರೂಸರ್ ಹತ್ತುವುದೋ ಎಂದು ತೀರ್ಮಾನ ಮಾಡುತ್ತಿದ್ದರು. ಒಂದು ದಿನ ಯಾರೋ ಪುಣ್ಯಾತ್ಮರು, ಮುಂದೆ ಹತ್ತುವವರು ಕಮ್ಮಿಯಾಗಲಿ ಎಂದು, ಬಸ್ಸು ಫುಲ್, ನಿಲ್ಲಿಸೋದಿಲ್ಲ ಎಂದು ಹಾಕಿದರು. ಜನ ನಂಬಿ ಬೇರೆ ಗಾಡಿ ಹಿಡಿದರು. ಬಸ್ಸು ಹಗುರಾಗಿ ಹೋಯಿತು. ಅಲ್ಲಿಗೆ ಎಲ್ಲರೂ ಕಲಿತರು. ದಿನಾ ಹಾಕಿದರೆ ಯಾರು ನಂಬುತ್ತಾರೆ? ಸಾರಿಗೆ ಉಪ್ಪು ಹಾಕಿದ ಹಾಗೆ, ಹಿತವಾಗಿ ಹಾಕುತ್ತಿದ್ದರು. ಅದನ್ನು ಸುಳ್ಳು ಎಂದು ಯಾರೂ ಕರೆಯಲಿಲ್ಲ, ಅದೂ ಸೀಟು ಹಿಡಿಯುವ ಲೆಕ್ಕದಲ್ಲೇ ಸೇರಿಹೋಯಿತು.

ಮೆಹಜಬೀನ್ ಹಾಗೆ ಹಾಕಿದ ದಿನ ಶಿಲ್ಪಾಗೆ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದಳು. ಗ್ರೂಪಿನದನ್ನು ನಂಬಬೇಡ, ನಿನ್ನ ಸೀಟು ಇದೆ, ಅಲ್ಲೇ ನಿಂತಿರು ಎಂದು ಅದರ ಅರ್ಥ. ಮಿಸ್ಡ್ ಕಾಲ್ ಬರಲಿಲ್ಲವೋ, ಬಸ್ಸು ನಿಜಕ್ಕೂ ತುಂಬಿದೆ ಎಂದು ತಿಳಿಯಬೇಕು. ಇಬ್ಬರೇ ಮಾಡಿಕೊಂಡ ಕಟ್ಟಳೆ. ಒಂದು ದಿನವೂ ತಪ್ಪಿರಲಿಲ್ಲ.

ಒಂದು ಸಂಜೆ ರಫೀಕ್ ಗ್ಯಾರೇಜಿನಿಂದ ಬಂದವನು ಕೈ ತೊಳೆಯುವಾಗಲೇ ಗೊಣಗುತ್ತಿದ್ದ. ತಳಕಿನಿಂದ ಗಾಡಿ ಹೊಡೆಯುವ ಈರೇಶ ತನ್ನ ಕ್ರೂಸರ್ ತಂದಿದ್ದನಂತೆ. ಬ್ರೇಕ್ ಆಯಿಲ್ ಸೋರುತ್ತಿದೆ, ಪೆಡಲು ಎರಡು ಮೂರು ಸಲ ತುಳಿದರಷ್ಟೇ ಹಿಡಿಯುತ್ತದೆ, ಬೇಕಾದ ಸಾಮಾನು ನಾಳೆ ಬರುತ್ತದೆ, ಗಾಡಿ ಇಲ್ಲೇ ಬಿಡು ಎಂದರೆ ಆಸಾಮಿ ಕೇಳಲಿಲ್ಲ. ಬೆಳಿಗ್ಗೆ ಒಂದು ಟ್ರಿಪ್ಪು ಮುಗಿಸಿ ಬಿಡ್ತೀನಿ ಎಂದು ಹೊರಟೇಬಿಟ್ಟ. ಬೈದೆ, ಇನ್ನೇನು ಮಾಡಲಿ, ಕೀಲಿ ಕಿತ್ತಿಟ್ಟುಕೊಳ್ಳಲೇ ಎಂದು ರಫೀಕ್ ಮನೆಯ ಉರ್ದುವಿನಲ್ಲೇ ಹೆಂಡತಿಯ ಮೇಲೆ ರೇಗಿದ. ಆಮೇಲೆ ದನಿ ತಗ್ಗಿಸಿ, ಇದನ್ನು ನಿನ್ನ ಬಸ್ಸಿನವರ ಹತ್ತಿರ ಆಡಬೇಡ ಎಂದ. ಗಿರಾಕಿಯ ಗಾಡಿಯ ಹುಳುಕನ್ನು ಮೆಕ್ಯಾನಿಕ್ಕನ ಮನೆಯವರೇ ಊರಿಗೆ ಸಾರಿದರೆ ನಾಳೆ ಗ್ಯಾರೇಜಿಗೆ ಯಾರು ಬರುತ್ತಾರೆ?

ಮೆಹಜಬೀನ್‌ಗೆ ಅದು ಸರಿ ಎನಿಸಿತು. ಶಿಲ್ಪಾ ಹೇಗೂ ಬರುವುದು ತನ್ನ ಜೊತೆ ಬಸ್ಸಿನಲ್ಲಿ. ಕ್ರೂಸರಿನ ಚಿಂತೆ ತಮಗೇಕೆ ಎಂದುಕೊಂಡು ಅವಳು ರೊಟ್ಟಿ ತಟ್ಟಲು ಎದ್ದಳು.

ಮರುದಿನ ಬೆಳಿಗ್ಗೆ ಬಸ್ಸು ತಡವಾಗಿ ಬಂತು. ತೀರಾ ತಡವಲ್ಲ, ಆದರೆ ಎಲ್ಲೂ ಹೆಚ್ಚು ನಿಲ್ಲದೆ ಹೋದರಷ್ಟೇ ಪ್ರಾರ್ಥನೆಗೆ ಮುಟ್ಟುವ ಹಾಗಿತ್ತು. ಅವಳು ಬ್ಯಾಗು ಎಸೆದಳು, ದುಪಟ್ಟಾ ಎಸೆದಳು, ಮುಂಬಾಗಿಲ ಹತ್ತಿರದ ಸೀಟೇ ಸಿಕ್ಕಿತು. ಬಸ್ಸು ಅಂಥಾ ತುಂಬಿರಲಿಲ್ಲ. ಸೀಟೆಲ್ಲ ಭರ್ತಿ, ನಿಂತವರು ಬೆರಳೆಣಿಕೆಯಷ್ಟು. ಆದರೆ ತಳಕಿನಲ್ಲಿ ಇವತ್ತು ಸಂತೆಗೆ ಹೋಗುವವರೂ ಇರುತ್ತಾರೆ, ಹತ್ತಿ ಇಳಿಯುವುದರಲ್ಲೇ ಹೊತ್ತು ಹೋಗುತ್ತದೆ ಎಂದು ಅವಳ ಮನಸ್ಸು ಮುಂದೆ ಓಡಿತು. ಫೋನು ತೆಗೆದು, ಬಸ್ಸು ಪೂರ್ತಿ ಫುಲ್, ತಳಕಿನಲ್ಲಿ ನಿಲ್ಲಿಸೋದಿಲ್ಲ ಅಂತಿದ್ದಾರೆ ಎಂದು ಗ್ರೂಪಿಗೆ ಹಾಕಿದಳು. ಶಿಲ್ಪಾಳ ಹೆಸರು ಒತ್ತಿ ಮಿಸ್ಡ್ ಕಾಲ್ ಕೊಟ್ಟು ಕಟ್ ಮಾಡಿ, ಫೋನನ್ನು ಬ್ಯಾಗಿಗೆ ಹಾಕಿಕೊಂಡಳು.

ಆ ಕಾಲು ಹೋಯಿತೋ ಇಲ್ಲವೋ ಎಂದು ಕಿವಿಗಿಟ್ಟು ನೋಡಲಿಲ್ಲ. ಮಿಸ್ಡ್ ಕಾಲ್ ಕೊಡುವವರು ಯಾರು ಕಿವಿಗಿಡುತ್ತಾರೆ ಹೇಳಿ? ಒತ್ತುವುದು, ಕತ್ತರಿಸುವುದು, ಅಷ್ಟೇ ಅಭ್ಯಾಸ.

ಊರು ದಾಟಿದ ಮೇಲೆ ಹೊಲದ ಅಂಚಿನಲ್ಲಿ ಕೈ ಅಡ್ಡ ಹಾಕಿ ಒಬ್ಬ ಮುದುಕ ಹತ್ತಿದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಚಿಕ್ಕೀರಪ್ಪ ಎಂದು, ಕುರಿ ಕಾಯುವವನು, ಕಂಡಕ್ಟರ್ ಕ್ಯಾತಪ್ಪನಿಗೆ ಪರಿಚಯದವನು. ದುಪಟ್ಟಾ ಹಾಸಿದ ಸೀಟಿನ ಮುಂದೆ ನಿಂತು, ಇಲ್ಲಿ ಯಾರಾದರೂ ಇದ್ದಾರೇನಮ್ಮ ಎಂದು ಕೇಳಿದ. ಆಳು ಬರ್ತಾರೆ ಎಂದಳು. ಮುದುಕ ಬೇಸರ ಮಾಡಿಕೊಳ್ಳಲಿಲ್ಲ. ಇಂಜಿನ್ನಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕ್ಯಾತಪ್ಪನ ಜೊತೆ ಮಾತಿಗಿಳಿದ. ವರವು ಕಾವಲು ಎಂಬ ಹುಲ್ಲುಗಾವಲಿನ ಒಳಗಿನ ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ಹೊರಟರೆ ಎಷ್ಟು ಹೊತ್ತಿಗೆ ಮುಟ್ಟುತ್ತೀವಿ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತಂತೆ. ಈಗ ಅಲ್ಲೆಲ್ಲ ಸರ್ಕಾರ ಹಾಕಿದ ಗೋಡೆ, ಸುತ್ತಿ ಬಂದು ಗಾಡಿ ಕಾಯಬೇಕು. ಗಾಡಿ ಹತ್ತಿದ ಮೇಲೆ ಮುಟ್ಟಿದಾಗಲೇ ಮುಟ್ಟಿದ್ದು ಎಂದ.

ಮೆಹಜಬೀನ್‌ಗೆ ಆ ಕೊನೇ ಮಾತು ಹಿಡಿಸಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತಳು.

ತಳಕಿನಲ್ಲಿ ಬಸ್ಸು ನಿಂತಿತು. ಸ್ಟ್ಯಾಂಡು ಬಣಬಣ. ದಿನಾ ಬಾಗಿಲಿಗೆ ಮುತ್ತುವ ಜನದಲ್ಲಿ ಒಬ್ಬರೂ ಇಲ್ಲ. ಹೂವು ಮಾರುವ ಜಯಕ್ಕ ಮಾತ್ರ ತನ್ನ ಬುಟ್ಟಿಯ ಹಿಂದೆ ಕೂತು ಕನಕಾಂಬರ ಕಟ್ಟುತ್ತಿದ್ದಳು. ಇವತ್ತೇನು ಸುದ್ದಿ, ಊರಿಗೂರೇ ಎಲ್ಲಿ ಹೋಯ್ತು ಎಂದು ಕ್ಯಾತಪ್ಪ ಸೀಟಿ ಬಾಯಲ್ಲಿಟ್ಟುಕೊಂಡೇ ಕೇಳಿದ. ಮೆಹಜಬೀನ್ ಕಿಟಕಿಯಿಂದ ಕತ್ತು ಚಾಚಿ ಶಿಲ್ಪಾಗಾಗಿ ಎರಡೂ ಕಡೆ ನೋಡಿದಳು.

"ಟೀಚರಮ್ಮ, ಇದೇನಿದು, ಬಸ್ಸು ನಿಂತೈತೆ, ಜಾಗಾನೂ ಐತೆ!" ಎಂದು ಜಯಕ್ಕ ಎದ್ದು ಹತ್ತಿರ ಬಂದಳು. "ನಿಲ್ಲಲ್ಲ ಅಂತ ಯಾರೋ ಫೋನಿನಾಗೆ ಹಾಕಿದ್ರಂತೆ. ನಮ್ ಕಾವ್ಯ ಓದಿ ಹೇಳಿದ್ಲು. ಎಲ್ರೂ ಈರೇಶನ ಗಾಡಿ ಹತ್ತಿ ಹೋದ್ರು. ಶಿಲ್ಪಮ್ಮನೂ ಹೋದ್ಲು."

ಕಾವ್ಯ ಜಯಕ್ಕನ ಒಬ್ಬಳೇ ಮಗಳು. ಮೊಳಕಾಲ್ಮೂರಿನ ಸೀರೆ ಅಂಗಡಿಯಲ್ಲಿ ಗಿರಾಕಿಗಳಿಗೆ ರೇಷ್ಮೆ ಸೀರೆ ಬಿಚ್ಚಿ ತೋರಿಸುವ ಕೆಲಸ ಅವಳದು. ತಾಯಿ ಕಟ್ಟಿದ ದಿನದ ಮೊದಲನೇ ಮೊಳ ಹೂವು ಯಾವಾಗಲೂ ಅವಳ ಜಡೆಗೆ. ಇದೆಲ್ಲ ಮೆಹಜಬೀನ್‌ಗೆ ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ಅವಳ ಕಿವಿಗೆ ಬಿದ್ದದ್ದು ಶಿಲ್ಪಾಳ ಹೆಸರು ಒಂದೇ.

"ಶಿಲ್ಪಾ ಯಾಕೆ ಹೋದ್ಲು ಜಯಕ್ಕ? ನಾನು ಕಾಲ್ ಕೊಟ್ಟಿದ್ನಲ್ಲ!"

ಶಿಲ್ಪಾಳ ಫೋನು ಸತ್ತಿತ್ತು, ರಾತ್ರಿಯೆಲ್ಲ ಕರೆಂಟಿರಲಿಲ್ಲ ಎಂದಳು ಜಯಕ್ಕ. ಕಾಯ್ತೀನಿ ಎಂದೇ ಮೊದಲು ನಿಂತಿದ್ದಳಂತೆ. ಬಸ್ಸೇ ನಿಲ್ಲದಿದ್ದರೆ ಏನು ಮಾಡ್ತೀಯ ಎಂದು ಎಲ್ಲರೂ ಹೇಳಿ, ಬಸುರಿ ಹೆಂಗಸು ಎಂದು ಡ್ರೈವರ್ ಪಕ್ಕದ ಮುಂದಿನ ಸೀಟು ಬಿಟ್ಟುಕೊಟ್ಟು, ಕೈ ಹಿಡಿದು ಹತ್ತಿಸಿದರಂತೆ. ಜಯಕ್ಕ ಇದನ್ನೆಲ್ಲ ಜನರ ಒಳ್ಳೆಯತನ ಹೇಳುವ ಹಾಗೆ ಹೇಳಿದಳು.

ಮೆಹಜಬೀನ್ ಕಿಟಕಿಯಿಂದ ಇನ್ನಷ್ಟು ಬಾಗಿ ನೋಡಿದಳು. ಜಯಕ್ಕನ ಬುಟ್ಟಿಯ ಆಚೆ, ಕ್ರೂಸರ್ ನಿಲ್ಲುವ ಜಾಗದಲ್ಲಿ, ಧೂಳಿನ ಮೇಲೆ ಒಂದಿಷ್ಟು ಹನಿಗಳು ಒದ್ದೆಯಾಗಿ ಹೊಳೆಯುತ್ತಿದ್ದವು. ಡಾಂಬರಿನ ಮೇಲೂ ಹನಿ, ಗಾಡಿ ತಿರುಗಿದ ದಿಕ್ಕಿಗೇ. ಗಂಡನ ಅಂಗಿಗಳನ್ನು ಇಷ್ಟು ವರ್ಷ ಒಗೆದವಳಿಗೆ ಅದು ನೀರಲ್ಲ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಕ್ಯಾತಪ್ಪ ಸೀಟಿ ಊದಿದ. ಬಸ್ಸು ಹೊರಟಿತು.

ಶಿಲ್ಪಾಗೆ ಫೋನು ಮಾಡಿದಳು, ಸ್ವಿಚ್ ಆಫ್. ರಫೀಕನಿಗೆ ಮಾಡಿ, ಉಸಿರು ಕಟ್ಟಿಕೊಂಡು ವಿಷಯ ಹೇಳಿದಳು. ಅವನು ಯಾ ಅಲ್ಲಾ ಎಂದವನೇ, ಈರೇಶನಿಗೆ ಈಗಲೇ ಫೋನು ಹಚ್ಚುತ್ತೀನಿ ಎಂದು ಇಟ್ಟ. ಇಟ್ಟ ಮೇಲೆ ಅವಳಿಗೆ ಇನ್ನೊಂದು ಭಯ ಹುಟ್ಟಿತು. ಈರೇಶ ಗಾಡಿ ಓಡಿಸುತ್ತಲೇ ಫೋನು ಎತ್ತಿದರೆ? ಒಂದು ಕೈ ಫೋನಿನಲ್ಲಿ, ಒಂದು ಕೈ ಸ್ಟೇರಿಂಗಿನಲ್ಲಿ, ಕಾಲು ಹಿಡಿಯದ ಪೆಡಲಿನ ಮೇಲೆ. ಬೇಡ ಎನ್ನಲು ಗಂಡನಿಗೆ ಮತ್ತೆ ಹಚ್ಚಿದಳು. ಎಂಗೇಜು ಬಂತು.

ಎಷ್ಟು ಹೊತ್ತಾಗುತ್ತೆ ಎಂದು ಕ್ಯಾತಪ್ಪನನ್ನು ಕೇಳಿದಳು. ಹಾನಗಲ್ ಬಂದಾಗ ಬಂತು ಮೇಡಂ ಎಂದ. ಬಸ್ಸು ದಿನದ ಹಾಗೆಯೇ ಹೋಗುತ್ತಿತ್ತು, ಆದರೆ ಅವಳಿಗೆ ಎತ್ತಿನ ಗಾಡಿಯಲ್ಲಿ ಕೂತ ಹಾಗೆ ಆಗುತ್ತಿತ್ತು. ರಸ್ತೆ ಏರಿದಾಗಲೆಲ್ಲ, ಇಳಿಜಾರಿನ ಕೆಳಗೆ ಏನು ಕಾಣುತ್ತದೋ ಎಂದು ಸೀಟಿನ ಕಂಬಿ ಹಿಡಿದು ಅರ್ಧ ಏಳುವಳು. ಏನೂ ಇಲ್ಲದೆ, ಬರೀ ರಸ್ತೆ ಕಂಡು ಕೂರುವಳು. ಪಕ್ಕದಲ್ಲಿ ದುಪಟ್ಟಾ ಗಾಳಿಗೆ ಹಾರಾಡುತ್ತಿತ್ತು. ಹಾರಿಹೋಗದ ಹಾಗೆ ಅದರ ಮೇಲೆ ಕೈಯಿಟ್ಟುಕೊಂಡೇ ಇದ್ದಳು. ಬಾಯಲ್ಲಿ ದುವಾ ನಡೆದೇ ಇತ್ತು. ಶಿಲ್ಪಾಗೆ ಏನೂ ಆಗದಿರಲಿ, ಆ ಹುಡುಗಿಗೆ, ಆ ಹೊಟ್ಟೆಗೆ ಏನೂ ಆಗದಿರಲಿ. ಬೇರೆ ಯಾರ ಹೆಸರೂ ಆ ದುವಾದಲ್ಲಿ ಬರಲಿಲ್ಲ.

ಹಾನಗಲ್ಲಿನಲ್ಲಿ, ಟೀ ಅಂಗಡಿಯ ಮುಂದೆ, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಶಿಲ್ಪಾ ನಿಂತಿದ್ದಳು.

ಮೆಹಜಬೀನ್ ಬಸ್ಸು ನಿಲ್ಲುವ ಮುಂಚೆಯೇ ಬಾಗಿಲಿಗೆ ಓಡಿದಳು. ಕೈ ಹಿಡಿದು ಮೇಲೆ ಎಳೆದುಕೊಂಡು, ದುಪಟ್ಟಾ ಸರಿಸಿ ಸೀಟಿನಲ್ಲಿ ಕೂರಿಸಿ, ಆಮೇಲೆ ಅತ್ತುಬಿಟ್ಟಳು. ಇಡೀ ಬಸ್ಸು ತಿರುಗಿ ನೋಡಿತು, ನೋಡಲಿ. ಶಿಲ್ಪಾ ಗಾಬರಿಯಾದಳು. ಏನೂ ಇಲ್ಲ ಕಣಕ್ಕ, ಡೀಸಲ್ ವಾಸನೆಗೆ ಹೊಟ್ಟೆ ತೊಳೆಸಿತು, ವಾಂತಿ ಬರುತ್ತೆ ಎಂದೆ, ಈರೇಶ ರೇಗಿ ಇಲ್ಲೇ ಇಳಿಸಿ ಹೋದ ಎಂದಳು. ಬರುವ ಬಸ್ಸಿನಲ್ಲಿ ನಿಂತುಕೊಂಡಾದರೂ ಹೋಗೋಣ ಎಂದುಕೊಂಡಿದ್ದಳಂತೆ. ಮೆಹಜಬೀನ್ ಅಳುತ್ತಲೇ ನಕ್ಕಳು. ನೀರಿನ ಬಾಟಲಿ ಕೊಟ್ಟಳು, ಬೆನ್ನು ಸವರಿದಳು. ಹೊತ್ತಿಗೆ ಮುಟ್ಟುತ್ತೇವೋ ಇಲ್ಲವೋ, ಕೆಂಪು ದೀಪ ಹತ್ತಿದರೆ ಹತ್ತಿ ಹಾಳಾಗಲಿ ಎನಿಸಿತು. ಇಷ್ಟು ದಿನ ಹಿಡಿದ ಸೀಟು ಇವತ್ತು ಸಾರ್ಥಕವಾಯಿತು ಎಂದು ಮನಸಾರೆ ಅಂದುಕೊಂಡಳು.

"ಇಳಿಯೋವಾಗ ಪಾಪ ಆ ಕಾವ್ಯನೇ ಕೈ ಹಿಡ್ಕೊಂಡ್ಲು ಅಕ್ಕ," ಎಂದಳು ಶಿಲ್ಪಾ, ನೀರು ಕುಡಿದು. "ಹಿಂದೆ ಇರುಕಿನಾಗೆ ಕೂತಿದ್ಲು. ಮುಂದಿನ ಸೀಟು ಖಾಲಿ ಆತಲ್ಲ, ಅಲ್ಲಿಗೆ ಬಂದು ಕೂತ್ಲು."

ಮೆಹಜಬೀನ್‌ಳ ಕೈ ಶಿಲ್ಪಾಳ ಬೆನ್ನ ಮೇಲೆ ಹಾಗೇ ನಿಂತಿತು.

ಹಾನಗಲ್ ಬಿಟ್ಟು ಮೊಳಕಾಲ್ಮೂರಿನ ಕಡೆ ತಿರುಗಿ, ಗುಡ್ಡದ ಮಗ್ಗುಲಿನ ಇಳಿಜಾರು ಶುರುವಾಗುವಲ್ಲಿ ಬಸ್ಸು ನಿಧಾನವಾಯಿತು. ಮುಂದೆ ಲಾರಿಗಳು ಸಾಲಾಗಿ ನಿಂತಿದ್ದವು. ಜನ ಇಳಿದು ಓಡುತ್ತಿದ್ದರು. ಕ್ಯಾತಪ್ಪನೂ ಇಳಿದ, ಚಿಕ್ಕೀರಪ್ಪ ಕೋಲೂರಿಕೊಂಡು ಹಿಂದೆ ಹೋದ. ಮೆಹಜಬೀನ್ ಶಿಲ್ಪಾಳನ್ನು ಕೂತಿರು ಎಂದು ಹೇಳಿ ತಾನು ಬಾಗಿಲ ಮೆಟ್ಟಿಲ ತನಕ ಬಂದಳು. ಅಲ್ಲಿಂದಲೇ ಕಾಣುತ್ತಿತ್ತು. ಕ್ರೂಸರಿನ ಮೂತಿ ರಸ್ತೆ ಬದಿಯ ಹುಣಿಸೆ ಮರದ ಬೊಡ್ಡೆಗೆ ನುಗ್ಗಿ ನಿಂತಿತ್ತು. ಹಿಂದಿನ ಬಾಗಿಲಿನಿಂದ ಜನರನ್ನು ಒಬ್ಬೊಬ್ಬರನ್ನಾಗಿ ಇಳಿಸುತ್ತಿದ್ದರು. ಯಾರದೋ ಹಣೆಯಲ್ಲಿ ರಕ್ತ, ಯಾರೋ ಕೈ ಹಿಡಿದುಕೊಂಡು ನರಳುತ್ತಿದ್ದರು. ಈರೇಶ ದಾರಿ ಬದಿಯಲ್ಲಿ ಕೂತು, ತುಳಿದೆ ಅಣ್ಣ, ತುಳಿದೇ ತುಳಿದೆ ಎಂದು ಒಂದೇ ಮಾತು ಹೇಳುತ್ತಿದ್ದ.

ಚಿಕ್ಕೀರಪ್ಪ ತಿರುಗಿ ಬಂದ. ಅವನ ಹೆಗಲ ಮೇಲೆ ಕಂಬಳಿ ಇರಲಿಲ್ಲ.

"ಹಿಂದೆ ಇದ್ದೋರು ಉಳ್ಕೊಂಡವ್ರೆ ತಾಯಿ," ಎಂದ. "ಮುಂದೆ ಕೂತಿದ್ದ ಹುಡುಗಿ ಹೋಗ್ಬಿಟ್ಟೈತೆ. ತಲೆ ತುಂಬಾ ಹೂವು ಮುಡ್ದಿತ್ತು. ಕಂಬಳಿ ಹೊದಿಸಿ ಬಂದೆ."

ಮೆಹಜಬೀನ್ ಹೇಗೆ ಸೀಟಿಗೆ ವಾಪಸು ಬಂದಳೋ ಅವಳಿಗೇ ತಿಳಿಯದು. ಫೋನು ಕೈಯಲ್ಲಿತ್ತು. ಗ್ರೂಪು ತೆರೆದಳು. ತಾನು ಹಾಕಿದ್ದು ಅಲ್ಲೇ ಇತ್ತು, ಅದರ ಕೆಳಗೆ ಯಾರೋ ಥ್ಯಾಂಕ್ಸ್ ಎಂದು ಕೈ ಮುಗಿದಿದ್ದರು. ಬೆರಳು ಒತ್ತಿಹಿಡಿದಾಗ, ಯಾರು ಯಾರು ಓದಿದ್ದಾರೆ ಎಂಬುದನ್ನೂ ಫೋನು ತೋರಿಸಿತು, ಎಲ್ಲರಿಗೂ ಅಳಿಸಬೇಕೇ ಎಂದೂ ಕೇಳಿತು. ಓದಿದವರಲ್ಲಿ ಕಾವ್ಯಳ ಹೆಸರಿತ್ತು. ಶಿಲ್ಪಾಳ ಹೆಸರಿರಲಿಲ್ಲ. ಆ ಗಾಡಿಯ ಬ್ರೇಕು ಕೆಟ್ಟಿದೆ ಎಂದು ಈ ರಸ್ತೆಯಲ್ಲಿ ಈರೇಶನನ್ನು ಬಿಟ್ಟರೆ ಗೊತ್ತಿದ್ದವಳು ತಾನೊಬ್ಬಳು. ಗೊತ್ತಿದ್ದೂ ತಳಕಿನವರನ್ನೆಲ್ಲ ಅದಕ್ಕೇ ಹತ್ತಿಸಿದವಳು ತಾನು. ಹತ್ತಿಸುವಾಗ ಆ ಗಾಡಿಯ ನೆನಪೇ ಬಂದಿರಲಿಲ್ಲ, ಯಾಕೆಂದರೆ ಅದರಲ್ಲಿ ತನ್ನವರು ಯಾರೂ ಕೂರುವವರಿರಲಿಲ್ಲ. ಇಷ್ಟನ್ನು ಅವಳು ಈಗ, ಈ ಸೀಟಿನಲ್ಲಿ ಕೂತು, ಮೊದಲ ಸಲ ತಿಳಿದುಕೊಂಡಳು.

ಶಿಲ್ಪಾ ಹಸಿರು ದುಪಟ್ಟಾವನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅವಳ ಕಣ್ಣೂ ಆ ಫೋನಿನ ಮೇಲೇ ಇತ್ತು. ಅಳಿಸು ಎಂದು ಅವಳು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಜಯಕ್ಕ. ಪೂರ್ತಿ ಬಡಿದು ನಿಂತಿತು. ಮತ್ತೆ ಬಡಿಯಿತು. ಇದು ಮಿಸ್ಡ್ ಕಾಲ್ ಆಗಿರಲಿಲ್ಲ. ಮೆಹಜಬೀನ್ ಈ ಸಲ ಕಿವಿಗಿಟ್ಟುಕೊಂಡಳು.

"ಟೀಚರಮ್ಮ, ನಮ್ ಕಾವ್ಯ ಫೋನೇ ಎತ್ತುತ್ತಿಲ್ಲ ಕಣಮ್ಮ. ಏನೋ ಗಾಡಿ ಬಿದ್ದೈತೆ ಅಂತಾರೆ ಇಲ್ಲಿ." ಜಯಕ್ಕನ ದನಿ ಒಡೆಯಿತು, ಮತ್ತೆ ಕೂಡಿಕೊಂಡಿತು. "ಬಸ್ಸು ನಿಂತಿತ್ತಲ್ಲಮ್ಮ, ಜಾಗ ಇತ್ತಲ್ಲ, ನಾನೇ ನೋಡಿದ್ನಲ್ಲ. ನಿಲ್ಲಲ್ಲ ಅಂತ ಹಾಕಿದ್ದು ಯಾರು? ನಿಮ್ ಫೋನಿನಾಗೆ ನೋಡಿ ಹೇಳಿ."

ನೋಡುವ ಅಗತ್ಯವಿರಲಿಲ್ಲ. ಆದರೂ ಮೆಹಜಬೀನ್ ಒಂದು ಸಲ ನೋಡಿದಳು.

"ನಾನು, ಜಯಕ್ಕ," ಎಂದಳು.

ಜಯಕ್ಕ ಫೋನು ಇಡಲಿಲ್ಲ. ತಳಕಿನ ಸ್ಟ್ಯಾಂಡಿನಲ್ಲಿ ಇನ್ಯಾವುದೋ ಕ್ರೂಸರಿನವನು, ಮೊಳಕಾಲ್ಮೂರು, ಮೊಳಕಾಲ್ಮೂರು, ಒಂದೇ ಸೀಟು ಎಂದು ಜನರನ್ನು ಕರೆಯುತ್ತಿರುವುದು ಕೇಳಿಸುತ್ತಿತ್ತು.